ಮೊದಲು ನಮ್ಮ ಸೂರು

ತೊಂಬತ್ತೊಂದರ ಡಿಸೆಂಬರಿನಲ್ಲಿ ನಮ್ಮನ್ನು ನೋಡಲು ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: ‘ನಿಮ್ಮೂರಿಗೆ ಯಾವಾಗ ಓಯ್ತೀರಿ?’ ನಮ್ಮೂರು ಪಾಂಡವಪುರದ ಪಕ್ಕದ ನಾಲೆ ಏರಿ. ಅವರು ಕೇಳುತ್ತಿದ್ದದ್ದು ಸೇಲಂ ವಿಚಾರ. ಸೇಲಂ ಬಿಟ್ಟು ಬಂದವನು ನನ್ನ ತಾತ. ಅಮ್ಮ ಹುಟ್ಟಿದ್ದು, ಕಬ್ಬು ಕಡಿಯಲು ಕಲಿತದ್ದು, ನನ್ನನ್ನು ಹೆತ್ತದ್ದು ಎಲ್ಲವೂ ಆ ಏರಿಯ ಮೇಲೆ. ಮನೆಯೊಳಗೆ ತಮಿಳು ಮಾತಾಡುತ್ತಿದ್ದೆವು. ಕಾವೇರಿ ಗಲಾಟೆ ಹೊತ್ತಿಕೊಂಡಾಗ ಅಷ್ಟೇ ಸಾಕಾಯಿತು. ಯಾರೋ ಹುಡುಗರು ಬಂದು ನಮ್ಮ ಗುಡಿಸಲುಗಳ ಸೂರಿಗೆ ಬೆಂಕಿ ಇಟ್ಟರು. ಯಾರೋ ಎಂದು ಬರೆಯುತ್ತಿದ್ದೇನೆ, ಮುಖಗಳು ನನಗೆ ಚೆನ್ನಾಗಿ ಗೊತ್ತು. ಉಟ್ಟ ಬಟ್ಟೆಯಲ್ಲಿ ಓಡಿದೆವು.

ಶ್ರೀರಂಗಪಟ್ಟಣದ ಕಡೆಯ ಒಂದು ಸಣ್ಣ ಚರ್ಚಿನವರು ಬಾಗಿಲು ತೆರೆದರು. ಮಕ್ಕಳಿಗೆ ಜಪ ಕಲಿಸುವ ಕೋಣೆಯಲ್ಲಿ ನಾಲ್ಕೈದು ಸಂಸಾರ ಮಲಗಿದೆವು. ನಾವು ಕ್ರೈಸ್ತರಲ್ಲ, ಅವರೂ ಅದನ್ನು ಕೇಳಲಿಲ್ಲ. ಆ ಬೀದಿಯ ಹೆಂಗಸರು ಸರದಿಯ ಮೇಲೆ ಮುದ್ದೆ, ಹುರುಳಿ ಸಾರು ತಂದು ಬಡಿಸಿದರು. ಅವರಿಗೆಲ್ಲ ಯಜಮಾನಿ ಒಬ್ಬಳು ಮುದುಕಿ. ಎಲ್ಲರೂ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು. ಬಾಯಿ ಜೋರು, ಕೈ ಧಾರಾಳ. ನಾಚಿಕೊಂಡು ಸಾಕು ಎಂದವರ ತಟ್ಟೆಗೆ ಬೈದು ಬೈದು ಬಡಿಸುತ್ತಿದ್ದಳು.

ಪತ್ರಿಕೆಯವರು ನಮ್ಮನ್ನು ನಿರಾಶ್ರಿತರು ಎಂದು ಬರೆದರು. ಆ ಪದ ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಸೂರು ತಾನಾಗಿ ಬಿದ್ದುಹೋಗಿತ್ತೇ?

ಅಪ್ಪನ ಧೈರ್ಯ ಮಾತ್ರ ಉಡುಗಿಹೋಗಿತ್ತು. ಕ್ರಿಸ್ಮಸ್ ಮುಗಿದ ಮಾರನೆಯ ದಿನ ಸೇಲಂಗೆ ಒಂದು ಲಾರಿ ಹೊರಡುತ್ತದೆ, ಅದರಲ್ಲಿ ಹೋಗಿಬಿಡೋಣ ಎಂದು ಗೊತ್ತುಮಾಡಿಕೊಂಡು ಬಂದ. ‘ಅಲ್ಲಿ ನನ್ನನ್ನು ಕರೆದವರು ಯಾರು?’ ಎಂದಳು ಅಮ್ಮ. ‘ಇಲ್ಲಿ ಸೂರು ಎಲ್ಲಿದೆ?’ ಎಂದ ಅಪ್ಪ.

ಕ್ರಿಸ್ಮಸ್ಸಿಗೆ ಚರ್ಚಿನ ಅಂಗಳದಲ್ಲಿ ಗೋದಲಿ ಕಟ್ಟುತ್ತಾರೆ. ಯೇಸು ದನದ ಕೊಟ್ಟಿಗೆಯಲ್ಲಿ ಹುಟ್ಟಿದ ನೆನಪಿಗೆ ಬಿದಿರು ನೆಟ್ಟು, ಹೆಣೆದ ತೆಂಗಿನ ಗರಿ ಹೊದಿಸಿದ ಗುಡಿಸಲು. ಅಲ್ಲಿಯವರು ಅದನ್ನು ಆಳು ನಿಲ್ಲುವಷ್ಟು ದೊಡ್ಡದಾಗಿಯೇ ಕಟ್ಟುತ್ತಿದ್ದರು. ಅಮ್ಮನಿಗೆ ಗರಿ ಹೆಣೆಯಲು ಬರುತ್ತದೆಂದು ತಿಳಿದ ದೊಡ್ಡವ್ವ ಅವಳ ಮುಂದೆ ಹಸಿ ಗರಿ ತಂದು ಹಾಕಿಸಿದಳು. ಅಮ್ಮ ಊಟ ನಿದ್ದೆ ಮರೆತು ಹೆಣೆದಳು. ಗೋಡೆ ಪಕ್ಕ ರಾಶಿ ಏರಿತು. ಇಷ್ಟು ಭಕ್ತಿ ನೋಡಿ ದೊಡ್ಡವ್ವನಿಗೆ ಹಿಗ್ಗೋ ಹಿಗ್ಗು.

ಗೋದಲಿ ಕಟ್ಟಲು ಗಂಡಸರು ಬಂದು ಗರಿಗೆ ಕೈ ಹಾಕಿದಾಗ ಅಮ್ಮ ಅಡ್ಡ ನಿಂತಳು.

‘ಇದು ನನ್ನ ಮನೆಗೆ’ ಎಂದಳು.

‘ಸ್ವಾಮಿಗೆ ಅಂತ ತಾನೆ ತರ್ಸಿದ್ದು, ಏನವ್ವಾ ಇಂಗಂತೀಯೆ?’ ದೊಡ್ಡವ್ವ ಕೂಗಾಡಿದಳು.

‘ನಿಮ್ಮ ಸ್ವಾಮಿ ವರ್ಸಕ್ಕೊಂದ್ಸಲ ಗುಡಿಸಲಲ್ಲಿ ಇರ್ತಾನೆ, ದೊಡ್ಡವ್ವ. ನಾನು ವರ್ಸೆಲ್ಲ ಇರ್ಬೇಕು. ಮೊದ್ಲು ನನ್ ಸೂರು, ಆಮೇಲೆ ಅವನ್ದು.’

ಅಪ್ಪ ನಾಚಿಕೆಯಿಂದ ತಲೆ ಬಗ್ಗಿಸಿದ. ಉಂಡ ಮನೆಯಲ್ಲಿ ಇಂಥ ಮಾತು! ನನಗೆ ನಾಚಿಕೆಯಾಗಲಿಲ್ಲ. ಕೇಕೆ ಹಾಕಬೇಕೆನ್ನಿಸಿತು. ದೊಡ್ಡವ್ವ ಸೆರಗು ಕೊಡವಿಕೊಂಡು ಹೊರಟುಹೋದಳು. ಅವತ್ತು ಸಂಜೆ ಅವಳ ಮನೆಯಿಂದ ಮುದ್ದೆ ಬರಲಿಲ್ಲ.

ಬೆಳಿಗ್ಗೆ ಚರ್ಚಿನ ಮುಂದೆ ಒಂದು ಟೆಂಪೋ ನಿಂತಿತ್ತು. ಹಿಂದೆ ಗೋದಲಿಗೆ ತಂದಿದ್ದ ಬಿದಿರು. ಮುಂದೆ ಮಡಿಲಲ್ಲಿ ಹಗ್ಗದ ಸುರುಳಿ ಇಟ್ಟುಕೊಂಡು ದೊಡ್ಡವ್ವ.

‘ಈ ವರ್ಸ ಗೋದಲಿ ಇಲ್ಲ. ಗರಿ ತುಂಬ್ಕಂಡು ಅತ್ತಿ, ಒತ್ತಾಯ್ತದೆ.’

‘ಫಾದರ್ ಏನಂದ್ರು?’ ಎಂದು ಅಪ್ಪ ಹೆದರುತ್ತ ಕೇಳಿದ.

‘ಏನಂತಾರೆ? ಟೆಂಪೋ ಕರ್ಸಿದ್ದೇ ಅವ್ರು.’

ಏರಿಯ ಮೇಲೆ ನಮ್ಮ ಮಣ್ಣಿನ ಗೋಡೆ ಕಪ್ಪಾಗಿ ನಿಂತಿತ್ತು. ಚರ್ಚಿನ ಗಂಡಸರು ಬಿದಿರು ಕಟ್ಟುವಷ್ಟರಲ್ಲಿ ಊರಿನವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಅವರಲ್ಲಿ ಆ ಹುಡುಗರೂ ಇದ್ದರು. ಹೊದಿಸಲು ಮೇಲೆ ಹತ್ತಬೇಕಾಗಿದ್ದ ಅಪ್ಪ ಕೆಳಗೇ ನಿಂತ. ಅಮ್ಮ ಸೀರೆ ಎತ್ತಿ ಕಟ್ಟಿ ತಾನೇ ಹತ್ತಿದಳು.

ಊರ ಯಜಮಾನರು ಮುಂದೆ ಬಂದರು. ಅಮ್ಮ ವರ್ಷಾನುಗಟ್ಟಲೆ ಕಬ್ಬು ಕಡಿದದ್ದು ಅವರ ಗದ್ದೆಯಲ್ಲೇ.

‘ಈಗ್ಲೇ ಯಾಕವ್ವಾ? ಜನ ಇನ್ನೂ ಬಿಸಿಯಾಗವ್ರೆ. ಆರ್ ತಿಂಗ್ಳು ಬುಟ್ಟು ಬನ್ನಿ.’

‘ನಿಮ್ ಕಬ್ಬೂ ಆರ್ ತಿಂಗ್ಳು ಬುಟ್ಟೇ ಕಡೀಲಾ, ಯಜಮಾನ್ರೇ?’

ಹಿಂದಿನಿಂದ ಒಬ್ಬ ಹುಡುಗ ಕೂಗಿದ: ‘ಮತ್ತೆ ಬೆಂಕಿ ಬಿದ್ರೆ?’

ದೊಡ್ಡವ್ವ ಹಗ್ಗ ಕೆಳಗೆ ಹಾಕಿ ಅವನ ಕಡೆ ತಿರುಗಿದಳು. ಅಮ್ಮ ಮೇಲಿನಿಂದಲೇ ಅವಳನ್ನು ತಡೆದಳು. ಆಮೇಲೆ ಅವನನ್ನೇ ನೋಡಿದಳು.

‘ಬಿದ್ರೆ ಮತ್ತೆ ಗರಿ ಎಣೀತೀನಿ ಕಣ್ಲಾ. ನೀವು ಸುಟ್ಟಿದ್ದು ಸೂರು. ಕೈ ಅಂಗೇ ಅವೆ.’

ಅಪ್ಪ ಗೋಡೆ ಹಿಡಿದು ಮೇಲೆ ಹತ್ತಿ ಅವಳ ಪಕ್ಕ ಕೂತ. ಅಮ್ಮ ಕೆಳಗೆ ಕೈ ಚಾಚಿ, ‘ಸುಮ್ನೆ ನಿಂತಿದ್ದೀರಲ್ಲ, ಆ ಗರಿ ಇತ್ತ ಕೊಡಿ ಯಜಮಾನ್ರೇ’ ಎಂದಳು.

ಯಜಮಾನರು ಆಚೀಚೆ ನೋಡಿದರು. ತಪ್ಪಾಯಿತು ಎನ್ನಲಿಲ್ಲ, ಮುಂದೆ ಯಾವತ್ತೂ ಎನ್ನಲಿಲ್ಲ. ಎಲ್ಲರ ಕಣ್ಣೆದುರಿಗೆ ಬಗ್ಗಿ, ಒಂದು ಗರಿ ಎತ್ತಿ ಕೊಟ್ಟರು.

ಅಮ್ಮ ಅದನ್ನು ಬಿದಿರಿಗೆ ಬಿಗಿದಳು.

‘ಇನ್ನೊಂದು’ ಎಂದಳು.