ನಿಲ್ಲಿಸದೆ ಬಿಟ್ಟ ಗಡಿಯಾರ

ಕಬುಲಾ ನಮ್ಮ ಪಕ್ಕದ ಮನೆ ಹುಡುಗಿ. ಮ್ವಾಂಜಾ ಊರಿನ ಈ ಬಂಡೆಗುಡ್ಡದಲ್ಲಿ ಮನೆಯೊಳಗೇ ಕೂತು ಹೊರದೇಶದ ಕಂಪನಿಗೆ ಪ್ರೋಗ್ರಾಂ ಬರೆಯೋಳು ಅವಳೊಬ್ಬಳೇ. ಲಕ್ವ ಹೊಡೆದು ಮಲಗಿದ ತಾಯಿಯನ್ನು ಬಿಟ್ಟು ಹೊಸ್ತಿಲು ದಾಟೋ ಹಾಗಿಲ್ಲ. ಈ ಕೆಲಸ ಹೋದರೆ ಇಬ್ಬರಿಗೂ ಬೇರೆ ದಾರಿ ಇಲ್ಲ ಅನ್ನೋದು ಗುಡ್ಡಕ್ಕೆಲ್ಲ ಗೊತ್ತು.

ಕೆಲಸವೇನೋ ಸರಿ, ಅದರ ನಿಯಮಕ್ಕೆ ಬೆಂಕಿ ಹಾಕ. ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವ ಎಡಿಟರಿನಲ್ಲೇ ಕೆಲಸದ ಹೊತ್ತು ಎಣಿಸೋ ಒಂದು ಗಡಿಯಾರ. ಕೂತಾಗ ಶುರು ಮಾಡಬೇಕು, ಏಳುವಾಗ ನಿಲ್ಲಿಸಬೇಕು. ತಾಯಿ ನರಳಿದರೆ ಯಾವ ಮಗಳು ಗಡಿಯಾರ ನಿಲ್ಲಿಸಿ ಏಳ್ತಾಳೆ ಹೇಳಿ? ಇವಳು ಎಡಿಟರ್ ಮುಚ್ಚಿ ಓಡೋಳು. ಮತ್ತೆ ತೆರೆದಾಗ ಅದು ಕೇಳೋದು, ಹಿಂದಿನ ಕೆಲಸ ಯಾವಾಗ ನಿಲ್ಲಿಸಿದಿರಿ ಅಂತ. ಆಮೇಲೆ ತುಂಬ್ತೀನಿ ಅಂದ್ಕೊಂಡು ಇವಳು ಮುಂದಿನದಕ್ಕೆ ಹೋಗೋಳು. ಹೀಗೆ ಶುರುವಿದ್ದು ಕೊನೆಯಿಲ್ಲದ ಸಾಲುಗಳು ರಾಶಿ ಬಿದ್ದವು.

ಒಂದು ದಿನ ಕಂಪನಿ ಎಲ್ಲವನ್ನೂ ಸಂಜೆಯೊಳಗೆ ತುಂಬಿಸು ಅಂತ ಪಟ್ಟು ಹಿಡಿಯಿತು. ತಾಯಿಗೆ ಗಂಜಿ ಕುಡಿಸುತ್ತಾ, ಬಟ್ಟೆ ಬದಲಿಸುತ್ತಾ, ಅಂದಾಜಿನ ಮೇಲೆ ತುಂಬಿದಳು. ಎಡವಿದ್ದು ಅಲ್ಲೇ. ನಮಗೆ ಹೊತ್ತು ಹುಟ್ಟಿದ ಮೇಲೆ ಗಂಟೆ ಶುರು. ಹೊರಗಿನವರ ಬೆಳಗಿನ ಏಳು ನಮಗೆ ಒಂದು, ಅವರ ಹನ್ನೊಂದು ನಮಗೆ ಐದು. ಕೂತ ಗಂಟೆಯನ್ನು ಯಂತ್ರ ಅವರ ಲೆಕ್ಕದಲ್ಲಿ ಬರೆದಿತ್ತು, ಎದ್ದ ಗಂಟೆಯನ್ನು ಇವಳು ನಮ್ಮ ಲೆಕ್ಕದಲ್ಲಿ ಬರೆದಳು. ಒಂಬತ್ತಕ್ಕೆ ಕೂತು ಐದಕ್ಕೆ ಎದ್ದೆ ಅಂತ. ಕಂಪನಿಯವರು ಅದನ್ನು ಸಂಜೆ ಐದು ಅಂತ ಓದಿಕೊಂಡು, ಅಷ್ಟು ಕೆಲಸ ಎಲ್ಲಿದೆ, ಇದು ಕಳ್ಳಲೆಕ್ಕ ಅಂದರು.

ಅವಳ ಮೇಲಿನವನು, ಹೆನ್ರಿಕ್ ಅಂತ, ಪರದೆಯ ಮೇಲೆ ಬಂದು ವಿಚಾರಿಸಿದ. ಆಗ ನಾನೂ ಅಲ್ಲೇ ಅವಳಮ್ಮನ ಕಾಲು ತಿಕ್ಕುತ್ತಾ ಕೂತಿದ್ದೆ. ಹೋಟೆಲಲ್ಲಿ ದುಡಿದ ನನಗೆ ಇಂಗ್ಲಿಷ್ ತಿಳಿಯುತ್ತೆ, ಆಕೆಗೆ ತಿಳಿಯಲ್ಲ. ಕಬುಲಾ ನಮ್ಮ ಗಂಟೆಯ ರೀತಿ ಬಿಡಿಸಿ ಹೇಳಿದಳು. ಪುಣ್ಯಾತ್ಮ ನಂಬಿದ, ನಕ್ಕ ಕೂಡ. ನನಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಕೇಳಿದ, "ಸರಿ, ಹನ್ನೊಂದು ಅಂತಾನೇ ಇಟ್ಕೊಳ್ಳೋಣ. ಅಷ್ಟೊತ್ತಿಗೇ ಎದ್ದಿರಿ ಅಂತ ಖಚಿತವಾಗಿ ಹೇಳ್ತೀರಾ?"

ಹೂಂ ಅನ್ನು ಅಂತ ಕಣ್ಸನ್ನೆ ಮಾಡಿದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ.

"ಗೊತ್ತಿಲ್ಲ ಸರ್. ಅಮ್ಮ ಕರೆದಾಗ ಎದ್ದೆ. ಗಂಟೆ ನೋಡಲಿಲ್ಲ."

ಒಂದೊಂದು ಸಾಲಿಗೂ ಅವನು ಅದನ್ನೇ ಕೇಳಿದ, ಅವಳೂ ಅದನ್ನೇ ಹೇಳಿದಳು. ಕೊನೆಗೆ, ನಾಳೆಯಿಂದ ಕೆಲಸ ಬೇಡ ಅಂದ. ಮರ್ಯಾದೆಯಿಂದಲೇ ಅಂದ, ಅದೇ ನನಗೆ ಮೈ ಉರಿಸಿದ್ದು.

ಬಾಯಿಗೆ ಬಂದದ್ದು ಹೇಳಿಬಿಡೋಕೆ ಏನಾಗಿತ್ತೇ ನಿನಗೆ ಅಂತ ಬೈದೆ.

"ಏನಂತ ಹೇಳ್ಲಿ ಚಿಕ್ಕಮ್ಮ? ಎಷ್ಟೊತ್ತು ಕೆಲಸದಲ್ಲಿದ್ದೆ, ಎಷ್ಟೊತ್ತು ಅಮ್ಮನ ಹತ್ರ ಇದ್ದೆ, ನನಗೇ ಗೊತ್ತಿಲ್ಲ."

ಅಷ್ಟರಲ್ಲಿ ತಾಯಿ ತೊದಲುತ್ತಾ ಕೇಳಿದಳು, ಏನಾಯ್ತು ಅಂತ.

"ಕೆಲಸ ಮುಗೀತಮ್ಮ."

ಆಕೆಯ ಮುಖ, ಆಡುವಷ್ಟು ಭಾಗ, ಅರಳಿತು. "ಇಷ್ಟು ಬೇಗನಾ? ಹಾಗಾದ್ರೆ ಬಾ, ನನ್ನ ಪಕ್ಕ ಕೂತ್ಕೋ."

ಕಬುಲಾ ಹೋಗಿ ಕೂತಳು. ಇನ್ನು ಏಳುವ ಅವಸರ ಅವಳಿಗಿರಲಿಲ್ಲ.