ಬೆಳಿಗ್ಗೆ ಇಳಿಯುವ ಮಣ್ಣು

ಚಳಿಗಾಲವಿಡೀ ಹಿಮ ಬೀಳುವ ಈ ಪರದೇಶದ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ತಪಾಸಣೆ ಮಾಡುವುದು ನನ್ನ ಕೆಲಸ. ಹೊರದೇಶದ ಮಣ್ಣನ್ನು ಒಳಗೆ ಬಿಡುವ ಹಾಗಿಲ್ಲ. ಈ ರೂಲಿನಲ್ಲಿ ನಾನು ಎಂದೂ ಸಡಿಲ ಬಿಟ್ಟವನಲ್ಲ. ಹೋದ ಜನವರಿಯಲ್ಲಿ ಕೀನ್ಯಾದಿಂದ ಬಂದ ವಯಸ್ಸಾದ ಹೆಂಗಸೊಬ್ಬರ ಬ್ಯಾಗಿನಲ್ಲಿ ಉಪ್ಪಿನಕಾಯಿ ಡಬ್ಬಿಯ ತುಂಬ ಕರಿಮಣ್ಣು ಸಿಕ್ಕಿತು. ಆಕೆ ನನ್ನ ಎದೆಯ ಮೇಲಿನ ಹೆಸರು ಓದಿದರು.

“ನಮ್ಮ ಕಡೆಯವರಲ್ವಾ? ಬಿಡಿ ಮಾರಾಯ್ರೇ.”

“ರೂಲು ಕನ್ನಡದಲ್ಲೂ ಅದೇ, ಅಮ್ಮಾ. ಮಣ್ಣು ಯಾಕೆ?”

“ನಮ್ಮ ಯಜಮಾನ್ರಿಗೆ. ಅಲ್ಲಿ ಶಾಲೆಯಲ್ಲಿ ಭೂಗೋಳ ಕಲಿಸ್ತಿದ್ರು, ವರ್ಷವೂ ಮಕ್ಕಳನ್ನು ಕರ್ಕೊಂಡು ಬೆಟ್ಟ ಹತ್ತುದು. ಭೂಮಧ್ಯರೇಖೆ ಆದ್ರೂ ಮೇಲೆ ಹಿಮ ಉಂಟು. ರಾತ್ರಿ ಮಣ್ಣಿನೊಳಗಿನ ನೀರು ಸೂಜಿಯ ಹಾಗೆ ಹೆಪ್ಪುಗಟ್ಟಿ ಮಣ್ಣನ್ನೇ ಎತ್ತುತ್ತದೆ, ಬೆಳಿಗ್ಗೆ ಬಿಸಿಲಿಗೆ ಕರಗಿ ಇಳಿಸ್ತದೆ. ಈಗ ಇಲ್ಲೇ ಹತ್ತಿರ, ಮಾಲ್ಟನ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ, ನಡೀಲಿಕ್ಕೆ ಆಗುದಿಲ್ಲ. ರಾತ್ರಿ ಫ್ರೀಜರಲ್ಲಿಟ್ಟು ಬೆಳಿಗ್ಗೆ ತೆಗೆದು ನೋಡ್ತೇನೆ, ತಾ ಅಂದ್ರು.”

“ಅದಕ್ಕೆ ಮಗಳ ಹಿತ್ತಲ ಮಣ್ಣೇ ಸಾಕಲ್ಲ?”

“ನಾನೂ ಅದೇ ಹೇಳಿದೆ. ಇಲ್ಲಿಯದ್ದು ಒಮ್ಮೆ ಎದ್ದರೆ ಏಪ್ರಿಲ್ ತನಕ ಇಳಿಯುದೇ ಇಲ್ಲ, ಅದಕ್ಕೆ ದಿನಾ ಇಳಿದು ಅಭ್ಯಾಸವೇ ಇಲ್ಲ ಅಂತಾರೆ.”

ನಾನು ಡಬ್ಬಿ ತೆಗೆದಿಟ್ಟುಕೊಂಡೆ. ಆಕೆ ಜಗಳವಾಡಲಿಲ್ಲ, ಒಮ್ಮೆ ಕೇಳಿ ಪಡೆದು, ಮುಚ್ಚಳ ತೆರೆದು ಮೂಸಿ, ವಾಪಸು ಕೊಟ್ಟರು. ಫಾರಂನಲ್ಲಿ ‘ತಂದ ಉದ್ದೇಶ’ ಎಂಬ ಕಾಲಮ್ಮಿದೆ. ‘ಬೆಳಿಗ್ಗೆ ಇಳಿಯುವುದನ್ನು ನೋಡಲು’ ಎಂದು ಬರೆದೆ. ಮೇಲಧಿಕಾರಿ ಅದನ್ನು ಹೊಡೆದುಹಾಕಿ ‘ಸ್ವಂತ ಬಳಕೆ’ ಎಂದು ತಿದ್ದಿದರು. ಇಷ್ಟು ವರ್ಷದ ಸರ್ವಿಸಿನಲ್ಲಿ, ನಿಖರವಾಗಿ ಬರೆದದ್ದಕ್ಕೆ ಬೈಸಿಕೊಂಡದ್ದು ಅದೊಂದೇ ಸಲ.