ಬೆನ್ನಿಗೊಂದು ಕಾರು

ಸುರಪುರದ ಮನೆಯಿಂದ ಯಾದಗಿರಿಯ ಕಚೇರಿಗೆ ನಾನು ಬಹಳ ವರ್ಷ ಬಸ್ಸಿನಲ್ಲಿ ಓಡಾಡಿದೆ. ನಮ್ಮ ಕಡೆ ಇದಕ್ಕೆ ‘ಅಪ್‌ಡೌನ್ ಮಾಡೋದು’ ಎನ್ನುತ್ತಾರೆ. ನನ್ನ ಉದ್ಯೋಗವೇನೆಂದು ಕೇಳಿದವರಿಗೆ ಗುಮಾಸ್ತಿಕೆ ಎಂದು ಹೇಳುತ್ತಿದ್ದೆನಾದರೂ ಮನಸ್ಸಿನಲ್ಲಿ ಅಪ್‌ಡೌನ್ ಎಂದೇ ಅಂದುಕೊಳ್ಳುತ್ತಿದ್ದೆ. ಕಚೇರಿಯೆಂಬುದು ಎರಡು ಪ್ರಯಾಣಗಳ ನಡುವೆ ಕೂತು ದಣಿವಾರಿಸಿಕೊಳ್ಳಲು ಸರ್ಕಾರ ಮಾಡಿಕೊಟ್ಟ ನೆರಳು.

ಈ ಪ್ರಯಾಣಕ್ಕೆ ಒಂದು ಶಿಸ್ತಿತ್ತು. ಸುರಪುರದಿಂದ ಶಹಾಪುರದವರೆಗೆ ನಾನು ಎಚ್ಚರವಾಗಿರಬೇಕು. ಪಕ್ಕದ ಸೀಟಿನ ಮೇಲೆ ಟವೆಲ್ ಹಾಸಿ ಅದನ್ನು ಕಾಯುವ ಹೊಣೆ ನನ್ನದು. ಶಹಾಪುರದಲ್ಲಿ ನನ್ನ ಗೆಳೆಯ ಹತ್ತುತ್ತಿದ್ದ. ಅವನೂ ಯಾದಗಿರಿಯ ಇನ್ನೊಂದು ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ದಖನಿ ಉರ್ದು ಮಾತಾಡುವವನು, ನನ್ನನ್ನು ಮಾತ್ರ ಕನ್ನಡದಲ್ಲಿ ಬಯ್ಯುವವನು. ಅವನು ಬಂದು ಕೂತೊಡನೆ ನನ್ನ ಕಣ್ಣುಗಳು ಮುಚ್ಚುತ್ತಿದ್ದವು. ಭೀಮಾ ನದಿಯ ಸೇತುವೆ ಬಂದಾಗ ಚಕ್ರದ ಸದ್ದು ಬದಲಾಗುತ್ತಿತ್ತು, ಆಗ ತೆರೆಯುತ್ತಿದ್ದವು. ಸಂಜೆ ಇದೇ ತಿರುವುಮುರುವು: ಸೇತುವೆ ದಾಟಿದ ಕೂಡಲೇ ನಿದ್ದೆ, ಶಹಾಪುರದ ನಿಲ್ದಾಣಕ್ಕೆ ಬಸ್ಸು ತಿರುಗುವಾಗ ಎಚ್ಚರ. ಅಲ್ಲಿಯ ಬೆಟ್ಟದ ಸಾಲು ಮಲಗಿದ ಬುದ್ಧನಂತೆ ಕಾಣುತ್ತದೆಂದು ಜನ ಬೇರೆ ಊರುಗಳಿಂದ ಬಂದು ಫೋಟೊ ತೆಗೆದುಕೊಳ್ಳುತ್ತಾರೆ. ನಾನು ದಿನವೂ ಅವನೆದುರು ಮಲಗಿಯೇ ಹಾದುಹೋದವನು. ಇಬ್ಬರಲ್ಲಿ ಯಾರೂ ಇನ್ನೊಬ್ಬರ ನಿದ್ದೆ ಕೆಡಿಸಲಿಲ್ಲ.

ಕೊನೆಗೆ ಬೆನ್ನು ತಕರಾರು ಎತ್ತಿತು. ಮೊದಮೊದಲು ಮೌಖಿಕವಾಗಿ, ಆಮೇಲೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲೇ ಬಿಡದೆ. ಡಾಕ್ಟರರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಳೆಗಾಲ ಮುಗಿದ ಮೇಲೆ ಇಂಜಿನಿಯರ್ ರಸ್ತೆ ನೋಡುವಂತೆ ನೋಡಿದರು. “ಹಿಂದಿನ ಗಾಲಿ ಮ್ಯಾಲಿನ ಸೀಟಿನಾಗ ಕುಂದ್ರತೀರೇನ್ರಿ?” ಎಂದರು. ಸಿಕ್ಕ ಸೀಟಿನಲ್ಲಿ ಕೂರುತ್ತೇನೆ ಎಂದೆ. “ಬಸ್ಸು ಬಿಡ್ರಿ. ಇಲ್ಲಾಂದ್ರ ಟೊಂಕದ ಆಸೆ ಬಿಡ್ರಿ,” ಎಂದು ಮುಂದಿನ ರೋಗಿಯನ್ನು ಕರೆದರು.

ನನ್ನ ಹೆಂಡತಿ ಸುರಪುರದಲ್ಲೇ ಶಾಲೆಯ ಶಿಕ್ಷಕಿ. ಶಾಲೆ ಮನೆಯಿಂದ ಎರಡು ಓಣಿಯಾಚೆ. ಪ್ರಾರ್ಥನೆಯ ಗಂಟೆ ಕೇಳಿಸಿದ ಮೇಲೆ ಹೊರಟರೂ ಸಲ್ಲುವಷ್ಟು ಹತ್ತಿರ. ನಮ್ಮ ಮನೆಯಲ್ಲಿದ್ದ ಏಕೈಕ ಸುಖ ಅದು. ಅದರ ಮೇಲೆ ನಾನು ಯಾವತ್ತೂ ಕಣ್ಣು ಹಾಕಿರಲಿಲ್ಲ. ಡಾಕ್ಟರರ ಮಾತು ಕೇಳಿ ಅವಳೇ ಉಪಾಯ ಹೇಳಿದಳು: “ಯಾದಗಿರಿದಾಗ ಒಂದು ಖೋಲಿ ಹಿಡೀರಿ. ಶನಿವಾರಕ್ಕ ಬಂದ್ರಾತು.”

ಮಾತು ಸರಿಯಾಗಿಯೇ ಇತ್ತು; ಅದೇ ಕಷ್ಟ. ಹಾಗೆ ಬಾಡಿಗೆಗೆ ಕೋಣೆ ಹಿಡಿದವರನ್ನು ನಾನು ಬಲ್ಲೆ. ನನ್ನ ಪಕ್ಕದ ಮೇಜಿನವನು ಹಾಗೆಯೇ ಇದ್ದ. ಶನಿವಾರ ಮನೆಗೆ ಹೋದರೆ ಅವನ ಹೆಂಡತಿ ‘ಚಾ ಕುಡೀತೀರೇನ್ರಿ?’ ಎಂದು ಕೇಳುತ್ತಾಳಂತೆ. ಮನೆಯವರನ್ನು ಯಾರೂ ಕೇಳುವುದಿಲ್ಲ, ತಂದಿಡುತ್ತಾರೆ, ಕೇಳುವುದು ನೆಂಟರನ್ನು. ನೌಕರಿ ಇನ್ನೂ ಕೆಲವು ವರ್ಷ ಬಾಕಿಯಿತ್ತು. ಅಷ್ಟು ಕಾಲ ನನ್ನ ಮನೆಗೆ ನಾನೇ ನೆಂಟನಾಗಿ ಹೋಗುವುದು, ವಾರದ ದಿನಗಳ ರಾತ್ರಿಯೂಟವನ್ನು ಖಾನಾವಳಿಯ ಗೋಡೆ ನೋಡುತ್ತ ಉಣ್ಣುವುದು: ಇದನ್ನು ನೆನೆದರೆ ಬೆನ್ನುನೋವು ಹಿತವೆನಿಸುತ್ತಿತ್ತು. ಆದ್ದರಿಂದ ಕಾರು ಕೊಳ್ಳುವುದೆಂದು ನಿರ್ಧರಿಸಿದೆ.

ವಿಷಯವನ್ನು ಗೆಳೆಯನ ಮುಂದಿಟ್ಟಾಗ ಅವನು ಬಸ್ಸಿನಲ್ಲೇ ತೀರ್ಪು ಕೊಟ್ಟ. “ಸಣ್ಣ ಗಾಡಿ ಬ್ಯಾಡ್ರಿ ಸಾಹೇಬ್ರ. ನಿಮ್ಮ ಟೊಂಕಕ್ಕ ಈ ಬಸ್ಸಿಗಿಂತ ಅದೇ ದುಶ್ಮನ್. ದೊಡ್ಡ ಮಂದಿ ಹೊಡೆದು ಬಿಟ್ಟ ಗಾಡಿ ನೋಡ್ರಿ. ಈಗ ಎಲ್ಲಾರಿಗೂ ಎತ್ತರದ್ದು ಬೇಕಾಗ್ಯದ, ಉದ್ದಂದು ಯಾರೂ ಕೇಳವಲ್ರು. ಡಿಕ್ಕಿ ಗಾಡಿ, ಮಕಮಲ್ ಸೀಟು, ನಮ್ಮ ನಸೀಬಿಗೆ ಈಗ ಬಂದಾವ.”

ಹೀಗೆ ನಾನು, ಹಿಂದೆ ಸಾಮಾನಿನ ಡಿಕ್ಕಿ ಚಾಚಿಕೊಂಡ ಹಳೆಯ ಉದ್ದ ಕಾರುಗಳ ಲೋಕವನ್ನು ಪ್ರವೇಶಿಸಿದೆ. ಇವು ಪೂರ್ಣ ಐಷಾರಾಮದ ಕಾರುಗಳಲ್ಲ. ಐಷಾರಾಮದ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದು ಅವರ ಅಭ್ಯಾಸ ಕಲಿತಂಥವು. ಬಾಗಿಲು ಹಾಕಿದರೆ ಸಣ್ಣ ಕಾರಿನಂತೆ ಡಬ್ಬಿ ಸದ್ದು ಬರುವುದಿಲ್ಲ. ಯಾರೋ ಗಂಭೀರ ಮನುಷ್ಯರು ‘ಹೂಂ’ ಎಂದ ಹಾಗಾಗುತ್ತದೆ. ಹಿಂದೆ ಕೂತವರಿಗೂ ಗಾಳಿ ಬರಲು ಬೇರೆ ತೂತು, ಮೊಳಕೈ ಊರಲು ನಡುವೆ ಮಡಚುವ ದಿಂಬು. ನಾನು ಒಬ್ಬನೇ ಹೋಗಿ ನೋಡಿ ಬರುತ್ತೇನೆಂದಾಗ ಹೆಂಡತಿ ಒಪ್ಪಲಿಲ್ಲ. “ನೀವು ಒಬ್ಬರೇ ಹೋದ್ರ ಅವರು ಹೇಳಿದ್ದಕ್ಕೆಲ್ಲಾ ಗೋಣು ಹಾಕಿ ಬರ್ತೀರಿ. ಆಫೀಸಿನಾಗ ಅದೇ ರೂಢಿ ಆಗ್ಯದ ನಿಮಗ.”

ಮೊದಲನೆಯದು ಸುರಪುರದಲ್ಲೇ ಇತ್ತು. ಬಿಳಿ ಬಣ್ಣ, ಒಳ್ಳೆಯ ಸ್ಥಿತಿ. ಕೂತು ಒಂದು ಸುತ್ತು ಹೋದೆವು. ದಾರಿಯುದ್ದಕ್ಕೂ ಮಂದಿ ಬಗ್ಗಿ ಒಳಗೆ ನೋಡುತ್ತಿದ್ದರು. ಒಬ್ಬ ಮುದುಕಿಯಂತೂ ಗಾಜಿಗೆ ಮುಖ ಹಚ್ಚಿ ನನ್ನನ್ನು ನೋಡಿ, ನಿರಾಶಳಾಗಿ ಹಿಂದೆ ಸರಿದಳು. ಆಮೇಲೆ ತಿಳಿಯಿತು: ಅದು ಮದುವೆಗಳಿಗೆ ಬಾಡಿಗೆ ಹೋಗುತ್ತಿದ್ದ ಕಾರು. ಊರಿನ ಎಷ್ಟೋ ಮದುಮಕ್ಕಳು ಅದರಲ್ಲಿ ಬಂದಿಳಿದಿದ್ದರು. ಬಾನೆಟ್ಟಿನ ಮೇಲೆ ಹೂವು ಅಂಟಿಸಿದ ಕಲೆಗಳು ಇನ್ನೂ ಇದ್ದವು. ನಿವೃತ್ತಿಯ ಅಂಚಿನಲ್ಲಿ ನಾನು ದಿನವೂ ಮದುಮಗನಂತೆ ಕಚೇರಿ ಮುಂದೆ ಇಳಿಯುವುದು ಇಲಾಖೆಯ ಘನತೆಗೆ ತಕ್ಕದ್ದಲ್ಲವೆಂದು ಬಿಟ್ಟುಬಿಟ್ಟೆ. “ಬಾಜಾದವರನ್ನೂ ಗಾಡಿ ಜೋಡೀನೇ ಕೊಡ್ತಾರೇನು ಕೇಳ್ರಿ,” ಎಂದಳು ಹೆಂಡತಿ.

ಎರಡನೆಯದು ಯಾದಗಿರಿಯ ಒಬ್ಬ ಕಂತ್ರಾಟುದಾರನದು. ನೋಡಲು ರಾಜಗಾಂಭೀರ್ಯ. ಆದರೆ ಹೊಟ್ಟೆ ಬಹಳ ಕೆಳಗೆ. ಮೊದಲ ಸ್ಪೀಡ್ ಬ್ರೇಕರ್‌ನಲ್ಲೇ ಕೆಳಗಿನಿಂದ ನರಳಿಕೆ ಬಂತು. ಎರಡನೆಯದರ ಹತ್ತಿರ ಕಂತ್ರಾಟುದಾರ ಸಹಜವೆಂಬಂತೆ, “ಸ್ವಲ್ಪ ಇಳೀರಿ,” ಎಂದ. ನಾವು ಇಳಿದೆವು, ಕಾರು ದಾಟಿತು, ನಾವು ನಡೆದು ದಾಟಿ ಮತ್ತೆ ಹತ್ತಿದೆವು. ಮೂರನೆಯದಕ್ಕೂ ಅದೇ ವಿಧಿ. ನಮ್ಮ ದಾರಿಯಲ್ಲಿ ಪ್ರತಿ ಹಳ್ಳಿಯವರೂ ತಮ್ಮ ಊರಿನ ಗೌರವಕ್ಕೆ ತಕ್ಕಷ್ಟು ಎತ್ತರದ ಬ್ರೇಕರ್ ಹಾಕಿಸಿಕೊಂಡಿದ್ದಾರೆ. ಈ ಲೆಕ್ಕದಲ್ಲಿ ಸುರಪುರದಿಂದ ಯಾದಗಿರಿಗೆ ನಾನು ಬಹುಮಟ್ಟಿಗೆ ನಡೆದೇ ಹೋಗಬೇಕಿತ್ತು, ಕಾರನ್ನು ಮುಂದೆ ಮಾಡಿಕೊಂಡು.

ಮೂರನೆಯದು ಶಹಾಪುರದ ಹತ್ತಿ ವ್ಯಾಪಾರಿಯದು. ಮನೆಗೆ ಎತ್ತರದ ಗಾಡಿ ಬಂದದ್ದರಿಂದ ಇದನ್ನು ಒಬ್ಬ ದಲಾಲಿಯ ಕೈಗೆ ಕೊಟ್ಟಿದ್ದರು. ಭಾನುವಾರ ಗೆಳೆಯನನ್ನೂ ಕರೆದುಕೊಂಡು ಹೋದೆವು. ಕಾರಿಗೆ ನೆನೆದ ಶಹಾಬಾದಿ ಕಲ್ಲಿನ ಬೂದು ಬಣ್ಣ. ಬ್ರೇಕರ್ ದಾಟಿದರೂ ಹೊಟ್ಟೆ ತಾಗದು. ದಲಾಲಿ ಬಾನೆಟ್ ಎತ್ತಿ, “ಇಂಜಿನ್ ಸೀಲ್ ಅದ್ರಿ. ಇವತ್ತಿನ ತನಕ ಯಾರೂ ಕೈ ಹಚ್ಚಿಲ್ಲ. ಮಕ್ಖನ್!” ಎಂದ. ನಾನು ಆ ಬೆಣ್ಣೆಯನ್ನು ನೋಡುವವನಂತೆ ಬಗ್ಗಿದೆ, ಬೆನ್ನು ಹಿಡಿದುಕೊಂಡಿತು, ಗೆಳೆಯ ಎತ್ತಿ ನಿಲ್ಲಿಸಿದ.

ಯಾದಗಿರಿಯವರೆಗೆ ಹೋಗಿ ಬರೋಣ, ಅದೇ ನನ್ನ ದಾರಿ ಎಂದೆ. ಇಷ್ಟು ವರ್ಷದ ರೂಢಿ: ಹಿಂದಿನ ಬಾಗಿಲು ತೆಗೆದು ಎಡಗಡೆ ಕಿಟಕಿಗೆ ಕೂತೆ. ಪಕ್ಕದಲ್ಲಿ ಹೆಂಡತಿ, ಮುಂದೆ ಗೆಳೆಯ, ದಲಾಲಿಯ ಕೈಯಲ್ಲಿ ಸ್ಟೇರಿಂಗು. ಊರು ದಾಟಿತು. ಕಾಲುವೆ ನೀರಿನ ಭತ್ತದ ಗದ್ದೆಗಳು ಬಂದವು. ಮುಂದಿನದು ನನಗೆ ಗೊತ್ತಿಲ್ಲ. ಎಚ್ಚರವಾದಾಗ ಕಾರು ಯಾದಗಿರಿಯ ಚಹಾದಂಗಡಿಯೊಂದರ ಮುಂದೆ ನಿಂತಿತ್ತು. ಸೇತುವೆಯ ಮೇಲೆ ಚಕ್ರದ ಸದ್ದು ಬದಲಾದದ್ದೂ ಆ ಕಾರಿನೊಳಗೆ ಕೇಳಿಸಿರಲಿಲ್ಲ. ನೌಕರಿಗೆ ಸೇರಿದ ಮೇಲೆ ನದಿ ನನಗೆ ತಪ್ಪಿದ್ದು ಅದೇ ಮೊದಲು. ಬೆನ್ನು ಮುಟ್ಟಿ ನೋಡಿಕೊಂಡೆ. ಅದು ಇದೆಯೆಂಬುದೇ ಗೊತ್ತಾಗುತ್ತಿರಲಿಲ್ಲ.

“ಅಕ್ಕಾರ, ಸಾಹೇಬ್ರು ಗಾಡಿ ಪಾಸ್ ಮಾಡಿದ್ರು ನೋಡ್ರಿ,” ಎಂದ ದಲಾಲಿ. “ಗಿರಾಕಿ ಗೊರಕಿ ಹೊಡೆದ ಗಾಡಿ ಇವತ್ತಿನ ತನಕ ವಾಪಸ್ ಬಂದಿಲ್ಲ.”

“ಗಾಡಿ ಪಾಸಾತು ಖರೆ,” ಎಂದಳು ಹೆಂಡತಿ. “ಇವರದು ಇನ್ನೂ ಪರೀಕ್ಷಾ ಆಗಿಲ್ಲ. ಬರೂಮುಂದ ಅವರೇ ಹೊಡೀಲಿ.”

ನನಗೆ ಗಾಡಿ ಓಡಿಸಲು ಬರುತ್ತಿತ್ತು. ಭಾವಮೈದುನನ ಜೀಪಿನಲ್ಲಿ ಕಲಿತದ್ದು. ಮರಳುವಾಗ ಸ್ಟೇರಿಂಗ್ ಹಿಡಿದೆ. ಹೆಂಡತಿ ಮುಂದೆ ಬಂದು ಕೂತಳು. ದಲಾಲಿ, ಗೆಳೆಯ ಹಿಂದೆ. ಊರೊಳಗೆ ಆಟೋ, ದನ, ಹಿಂದೆ ತಿರುಗಿ ನೋಡದೆ ರಸ್ತೆ ದಾಟುವವರು, ಎಲ್ಲವನ್ನೂ ನಿಭಾಯಿಸಿದೆ. “ಭಾರಿ ಹೊಡೀತೀರಲ್ರಿ!” ಎಂದ ಗೆಳೆಯ. ಸೇತುವೆ ದಾಟಿದೆವು. ಮುಂದೆ ರಸ್ತೆ ನೇರ, ಗಾಜು ಮೇಲೆ, ಒಳಗೆ ತಣ್ಣಗಿನ ಗಾಳಿ. ಬಸ್ಸಿನ ಕಿಟಕಿಗಳ ಗಡಗಡ ಇಲ್ಲ, ಕಂಡಕ್ಟರನ ಸೀಟಿಯಿಲ್ಲ. ಗೆಳೆಯ ಹಿಂದೆ ಕೂತು ತನ್ನ ಅಳಿಯನ ಸುದ್ದಿ ಹೇಳುತ್ತಿದ್ದ. ವಡಗೇರಾ ಕಡೆಯ ಸಂಬಂಧವೊಂದರ ಮಾತು ಬಂತು. ಯಾರ ಸಂಬಂಧ ಎಂದು ಕೇಳಬೇಕೆಂದುಕೊಂಡೆ.

ಆಮೇಲೆ “ರೀ!” ಎಂಬ ಕೂಗು. ಸ್ಟೇರಿಂಗಿನ ಮೇಲೆ ಹೆಂಡತಿಯ ಕೈ. ಎಡಗಾಲಿಗಳು ರಸ್ತೆಬದಿಯ ಮುರುಮಿನ ಅಂಚಿಗಿಳಿದು ಕಲ್ಲು ಸಿಡಿದ ಸದ್ದು. ಬ್ರೇಕ್ ಒತ್ತಿದೆ. ಕಾರು ನಿಂತಾಗ ಒಂದು ಸಣ್ಣ ಸೇತುವೆಯ ಕಟ್ಟೆ ನಮ್ಮ ಮುಂದೆಯೇ ಇತ್ತು. ಅದರ ಮೇಲೆ ಯಾವುದೋ ಚುನಾವಣೆಯಲ್ಲಿ ಬರೆದ ಬಣ್ಣದ ಅಕ್ಷರಗಳನ್ನು ಒಂದೊಂದಾಗಿ ಓದಬಹುದಿತ್ತು.

ಮೊದಲು ಚೇತರಿಸಿಕೊಂಡವನು ದಲಾಲಿ. “ಬ್ರೇಕ್ ಫಸ್ಟ್ ಕ್ಲಾಸ್ ಅದಾವ್ರಿ,” ಎಂದ, ಸಣ್ಣ ದನಿಯಲ್ಲಿ.

ಹೆಂಡತಿ ಇಳಿದು ಹೋಗಿ ಆ ಕಟ್ಟೆಯ ಮೇಲೇ ಕೂತಳು. ನಾನೂ ಹೋಗಿ ನಿಂತೆ. “ದಿನಾ ಇಲ್ಲೇ ಮಕ್ಕೊಂತೀರೇನು?” ಎಂದಳು.

“ಇಲ್ಲೇ. ಬಸ್ಸಿನ್ಯಾಗ ಏನೂ ಆಗೂದಿಲ್ಲ. ಡ್ರೈವರ್ ಇರ್ತಾನ.”

“ಇವತ್ತೂ ಇದ್ದನಲ್ಲ.”

ಗೆಳೆಯ ಬಂದು ಸಮಾಧಾನ ಹೇಳತೊಡಗಿದ. “ಹೋಗ್ಲಿ ಬಿಡ್ರಿ ಅಕ್ಕಾರ. ಇದು ಭಾಳ ಚುಪ್‌ಚಾಪ್ ಗಾಡಿ, ಅದಕ್ಕ ಜೋಂಪು ಬಂತು. ಗದ್ದಲ ಮಾಡೂದು ಒಂದು ನೋಡೂಣು. ಸಾಹೇಬ್ರಿಗೆ ನಿದ್ದಿ ಹತ್ತಂಗೇ ಇಲ್ಲ.” ಗದ್ದಲದ ಕಾರು ನನ್ನನ್ನು ಎಚ್ಚರವಿಟ್ಟು ಬೆನ್ನನ್ನು ಮುಗಿಸುತ್ತದೆ; ಮೌನದ ಕಾರು ಬೆನ್ನನ್ನು ಉಳಿಸಿ ನನ್ನನ್ನು ಮುಗಿಸುತ್ತದೆ. ನಾನು ಎರಡನ್ನೂ ತೂಗಿ ನೋಡುತ್ತ ನಿಂತೆ. ನಿಜ ಹೇಳಬೇಕೆಂದರೆ ತೂಗುವಷ್ಟು ಶಕ್ತಿಯೂ ಇರಲಿಲ್ಲ. ಖೋಲಿಯೇ ಗತಿ ಎಂದು ಒಳಗೊಳಗೇ ಒಪ್ಪಿಕೊಂಡೆ. “ಯಾದಗಿರಿದಾಗೇ ಇರ್ತೀನಿ ಬಿಡು,” ಎಂದೆ. “ಶನಿವಾರ ಬರ್ತೀನಿ.”

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಶಹಾಪುರದಾಗ ಮನಿ ನೋಡ್ರಿ,” ಎಂದಳು.

“ನಿನ್ನ ಸಾಲಿ?”

“ಸಾಲಿ ಎಲ್ಲಿ ಓಡಿ ಹೋಗ್ತದ? ಸುರಪುರದಾಗೇ ಇರ್ತದ. ನಾ ಬಸ್ಸಿಗೆ ಹೋಗ್ತೀನಿ. ನೀವು ಈ ಕಡೆ, ನಾ ಆ ಕಡೆ. ನಮಗೇನು, ಹೆಣ್ಮಕ್ಕಳಿಗೆ ಟಿಕೇಟೂ ಇಲ್ಲ.”

“ಕುಂದ್ರಾಕ ಜಾಗಾನೂ ಇರೂದಿಲ್ಲ.”

“ನಿಂತು ಪಾಠ ಮಾಡಿದಾಕಿಗೆ ಬಸ್ಸಿನಾಗ ನಿಂದ್ರದೇನು ದೊಡ್ಡದು?”

ಹೇಳಿದ್ದು ಜೋರಾಗಿಯೇ. ಆದರೆ ಹೇಳಿ ಮುಗಿಸಿ ಅವಳು ಗದ್ದೆಯ ಕಡೆ ಮುಖ ತಿರುಗಿಸಿದಳು. ಅವಳು ಏನನ್ನು ಬಿಟ್ಟುಕೊಡುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಬೇಡವೆನ್ನಬೇಕಿತ್ತು.

ಅಷ್ಟರಲ್ಲಿ ದಲಾಲಿ ಎರಡು ಹೆಜ್ಜೆ ಮುಂದೆ ಬಂದ. “ಬಾಡಿಗಿ ಮನಿ ಬೇಕೇನ್ರಿ ಅಕ್ಕಾರ? ನನ್ನ ಕಡೆ ಅವ. ಬಸ್‌ಸ್ಟ್ಯಾಂಡ್ ಸನೇದಾಗೇ. ನಳಾ ಅದ, ಬೋರ್ ಅದ, ಮಾಲಕರು ಮ್ಯಾಲ ಇರ್ತಾರ, ಏನೂ ಕಿರಿಕಿರಿ ಇಲ್ಲ.” ಒಂದು ಕ್ಷಣ ತಡೆದು, ಕಸುಬಿನ ಮೇಲಿನ ನಿಷ್ಠೆಯಿಂದ ಸೇರಿಸಿದ: “ಗಾಡಿ ನಿಂದ್ರಸಾಕ ಜಾಗಾನೂ ಅದ.” ಹೆಂಡತಿ ನಕ್ಕಳು. ಆಮೇಲೆ ಗೆಳೆಯನೂ. ವಾಪಸು ದಲಾಲಿಯೇ ಓಡಿಸಿದ. ನಾನು ಹಿಂದೆ, ಕಣ್ಣು ಬಿಟ್ಟುಕೊಂಡು ಕೂತೆ. ಆ ದಾರಿಯಲ್ಲಿ ಅಷ್ಟೊಂದು ಬೇವಿನ ಮರಗಳಿವೆಯೆಂದು ಅವತ್ತೇ ತಿಳಿದದ್ದು.

ಸುರಪುರದ ಮನೆಯನ್ನು ಅವಳ ಶಾಲೆಯದೇ ಇನ್ನೊಬ್ಬ ಶಿಕ್ಷಕರಿಗೆ ಬಾಡಿಗೆಗೆ ಕೊಟ್ಟೆವು. ಗಂಟೆ ಕೇಳಿದ ಮೇಲೆ ಹೊರಡುವ ಸುಖ ಈಗ ಅವರದು. ಕಾರನ್ನು ಯಾರು ಕೊಂಡರೋ ಗೊತ್ತಿಲ್ಲ. ಶಹಾಪುರದ ಮನೆ ದಲಾಲಿ ಹೇಳಿದಷ್ಟು ಚೆನ್ನಾಗಿರಲಿಲ್ಲ. ನಳವಿತ್ತು, ನೀರು ತನಗೆ ತೋಚಿದಾಗ ಬರುತ್ತಿತ್ತು. ಬೆಳಿಗ್ಗೆ ಒಂದೇ ನಿಲ್ದಾಣದಿಂದ ನಾನು ಒಂದು ಬಸ್ಸಿಗೆ, ಅವಳು ಇನ್ನೊಂದು ಬಸ್ಸಿಗೆ. ನನ್ನ ಬೆನ್ನು ಪೂರ್ತಿ ವಾಸಿಯಾಗಲಿಲ್ಲ, ತಕರಾರನ್ನು ಅರ್ಧಕ್ಕಿಳಿಸಿತು.

ಮೊದಲ ದಿನ ನಾನೇ ಮುಂಚೆ ಬಂದೆ. ಅನ್ನಕ್ಕಿಟ್ಟು, ಕಾಯಿಪಲ್ಯ ಹೆಚ್ಚಿಕೊಂಡು ಕೂತೆ. ಅವಳು ಕತ್ತಲಾಗುವ ಹೊತ್ತಿಗೆ ಬಂದಳು. ಚಪ್ಪಲಿ ಬಿಟ್ಟು ಹೊಸ್ತಿಲ ಒಳಗೇ ಗೋಡೆಗೊರಗಿ ಕೂತಳು. ಸುರಪುರದಿಂದ ಇಲ್ಲಿಯವರೆಗೂ ನಿಂತೇ ಬಂದಿದ್ದಳು. ಸೊಂಟದ ಮೇಲೆ ಕೈಯಿಟ್ಟುಕೊಂಡಳು.

“ಬಿಸಿಲು ಯಾವ ಕಡಿ ಬೀಳೂದಿಲ್ರಿ ಆ ಬಸ್ಸಿನಾಗ?” ಎಂದಳು. “ನಿಮಗ ಗೊತ್ತಿರಬೇಕು.”

“ಬಲಕ್ಕ. ಹೋಗುವಾಗನೂ ಬಲಕ್ಕ, ಬರುವಾಗನೂ ಬಲಕ್ಕ.”

“ಬಲಕ್ಕ ಎಲ್ಲಾ ತುಂಬಿರ್ತದ.”

“ಎಲ್ಲಾರಿಗೂ ಗೊತ್ತದ,” ಎಂದೆ.

ಅವಳು ಎದ್ದು ಮುಖ ತೊಳೆದು ಬಂದು ರೊಟ್ಟಿ ಬಡಿದಳು. ಇಬ್ಬರೂ ಕೂತು ಉಂಡೆವು. ಶನಿವಾರವಲ್ಲ, ಬುಧವಾರವಾಗಿತ್ತು.